ಮನೆ ಖಾಲಿ ಮಾಡುವಾಗ ಅಡ್ವಾನ್ಸ್: 'ಎರಡು ತಿಂಗಳ ನಿಯಮ' ಕರ್ನಾಟಕದಲ್ಲಿ ಇದೆಯಾ?

2025ರ ಕೊನೆಯಲ್ಲಿ ಒಂದು ಸುದ್ದಿ ವಾಟ್ಸಾಪ್ ಗುಂಪುಗಳಲ್ಲಿ ಜೋರಾಗಿ ಓಡಾಡಿತು. 'ಹೊಸ ಬಾಡಿಗೆ ನಿಯಮ 2025 ಜಾರಿ. ಇನ್ನು ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಕೇಳುವಂತಿಲ್ಲ. ಅಗ್ರಿಮೆಂಟನ್ನು ಎರಡು ತಿಂಗಳೊಳಗೆ ಆನ್‌ಲೈನಲ್ಲಿ ನೋಂದಾಯಿಸಬೇಕು, ಇಲ್ಲದಿದ್ದರೆ ದಂಡ.' ಕೆಲವು ಸುದ್ದಿತಾಣಗಳೂ ಇದನ್ನು ಹಾಗೇ ಹಾಕಿದವು. ಬೆಂಗಳೂರಿನಲ್ಲಿ ಐದು, ಆರು, ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೊಟ್ಟು ಕೂತಿರುವವರಿಗೆ ಆಸೆ ಹುಟ್ಟಿದ್ದು ಸಹಜ. ಮನೆ ಖಾಲಿ ಮಾಡಬೇಕೆಂದಿರುವವರಿಗಂತೂ ಒಂದೇ ಪ್ರಶ್ನೆ: ಇದನ್ನು ತೋರಿಸಿ ಓನರ್ ಹತ್ತಿರ ದುಡ್ಡು ಕೇಳಬಹುದಾ?

ಕೇಳಿ ಪ್ರಯೋಜನವಿಲ್ಲ. ಕರ್ನಾಟಕದಲ್ಲಿ ಅಂಥ ನಿಯಮ ಜಾರಿಗೆ ಬಂದಿಲ್ಲ. ಹಾಗಂತ ಬಾಡಿಗೆದಾರರ ಪರವಾಗಿ ಕಾನೂನೇ ಇಲ್ಲ ಅಂತಲ್ಲ. ಇರುವ ಕಾನೂನು ಬಹಳ ಹಳೆಯದು, ಅದರ ಬಗ್ಗೆ ಯಾರೂ ಫಾರ್ವರ್ಡ್ ಕಳಿಸುವುದಿಲ್ಲ, ಅಷ್ಟೇ. ಅದನ್ನು ತಿಳಿದುಕೊಂಡು ಕೀ ಕೊಡುವ ಮುಂಚೆ ನಾಲ್ಕು ಕೆಲಸ ಮಾಡಿಕೊಂಡವರ ದುಡ್ಡು ಬಹುಮಟ್ಟಿಗೆ ಉಳಿಯುತ್ತದೆ. ಕೀ ಕೊಟ್ಟ ಮೇಲೆ ಕಾನೂನು ಹುಡುಕುವವರಿಗೆ ಅಲೆದಾಟ ಜಾಸ್ತಿ.

ಸುದ್ದಿ ಹುಟ್ಟಿದ್ದು ಎಲ್ಲಿಂದ

2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ 'ಮಾದರಿ ಬಾಡಿಗೆ ಕಾಯ್ದೆ'ಗೆ ಒಪ್ಪಿಗೆ ಕೊಟ್ಟಿತು. ವಾಸದ ಮನೆಗೆ ಹೆಚ್ಚೆಂದರೆ ಎರಡು ತಿಂಗಳ, ಅಂಗಡಿ–ಕಚೇರಿಗಳಿಗೆ ಆರು ತಿಂಗಳ ಬಾಡಿಗೆಯಷ್ಟು ಠೇವಣಿ ಎಂದು ಹೇಳಿದ್ದು ಅದೇ. ಅಗ್ರಿಮೆಂಟಿನ ವಿವರವನ್ನು ಎರಡು ತಿಂಗಳೊಳಗೆ ಬಾಡಿಗೆ ಪ್ರಾಧಿಕಾರಕ್ಕೆ ಕೊಡಬೇಕು ಎಂಬ ಮಾತೂ ಅಲ್ಲೇ ಇದೆ. ಮನೆ ವಾಪಸ್ ಪಡೆದ ದಿನವೇ, ಕಡಿತ ಏನಾದರೂ ಇದ್ದರೆ ಕಳೆದು, ಉಳಿದ ಠೇವಣಿ ಕೊಡಬೇಕು ಎಂದೂ ಅದು ಹೇಳುತ್ತದೆ.

ಆದರೆ ಹೆಸರಲ್ಲೇ ಇರುವಂತೆ ಇದು ಬರೀ ಮಾದರಿ. ಸಂವಿಧಾನದ ಪ್ರಕಾರ ಜಮೀನು, ಬಾಡಿಗೆ, ಮಾಲೀಕ–ಬಾಡಿಗೆದಾರರ ಸಂಬಂಧ ರಾಜ್ಯಗಳ ಪಟ್ಟಿಗೆ ಸೇರಿದ ವಿಷಯ. ಕೇಂದ್ರ ಒಂದು ನಮೂನೆ ಕೊಡಬಹುದು. ಅದನ್ನು ತನ್ನ ವಿಧಾನಸಭೆಯಲ್ಲಿ ಕಾನೂನು ಮಾಡಿಕೊಳ್ಳಬೇಕಾದದ್ದು ಆಯಾ ರಾಜ್ಯ. ಉತ್ತರ ಪ್ರದೇಶ, ಅಸ್ಸಾಂ, ಆಂಧ್ರಪ್ರದೇಶಗಳು ಈ ದಾರಿಯಲ್ಲಿ ಹೋಗಿವೆ. ತಮಿಳುನಾಡು ಇದಕ್ಕೂ ಮೊದಲೇ, 2017ರಲ್ಲಿ, ಇದೇ ಬಗೆಯ ಕಾನೂನು ಮಾಡಿ 2019ರಲ್ಲಿ ಜಾರಿಗೆ ತಂದಿತು. ಅಲ್ಲಿ ಇಬ್ಬರೂ ಬೇರೆ ಥರ ಒಪ್ಪಿಕೊಳ್ಳದಿದ್ದರೆ ಮಿತಿ ಮೂರು ತಿಂಗಳು. ಅಂದರೆ ಹೊಸೂರಿನಲ್ಲಿ ಮನೆ ಮಾಡಿರುವವರಿಗೆ ಒಂದು ಕಾನೂನು, ಅರ್ಧ ಗಂಟೆ ದೂರದ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇರುವವರಿಗೆ ಇನ್ನೊಂದು. ಸುದ್ದಿ ಹಾಕಿದವರು ಈ ವ್ಯತ್ಯಾಸ ಬಿಟ್ಟುಬಿಟ್ಟರು. ಗೊಂದಲ ಶುರುವಾಗಿದ್ದೇ ಅಲ್ಲಿಂದ.

ಹಾಗಾದರೆ ನಮಗೆ ಯಾವ ಕಾನೂನು?

ಕರ್ನಾಟಕದಲ್ಲಿ 'ಕರ್ನಾಟಕ ಬಾಡಿಗೆ ಕಾಯ್ದೆ, 1999' ಇದೆ. ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಹೆಸರು ಕೇಳಿದರೆ ನಮ್ಮೆಲ್ಲರಿಗೂ ಅನ್ವಯಿಸುತ್ತದೆ ಅನ್ನಿಸುತ್ತದೆ, ಅಲ್ವಾ? ಆದರೆ ಬೆಂಗಳೂರಿನಂಥ ದೊಡ್ಡ ನಗರದಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ದಾಟಿದರೆ ಆ ಮನೆ ಈ ಕಾಯ್ದೆಯ ಹೊರಗೆ. ಇವತ್ತು 3,500 ರೂಪಾಯಿಗೆ ಫ್ಲ್ಯಾಟ್ ಎಲ್ಲಿ ಸಿಗುತ್ತದೆ? ಬಾಡಿಗೆ ಏರುತ್ತಾ ಹೋಯಿತು, ಮಿತಿ ಅಲ್ಲೇ ನಿಂತಿತು. ಹೀಗಾಗಿ ಬಹುತೇಕ ಎಲ್ಲ ಬಾಡಿಗೆ ಮನೆಗಳು ಈ ಕಾಯ್ದೆಯಿಂದ ಹೊರಗೆ ಉಳಿದಿವೆ.

ಉಳಿಯುವುದು ಎರಡು. ಒಂದು, ಓನರ್ ಮತ್ತು ನೀವು ಸಹಿ ಹಾಕಿದ ಅಗ್ರಿಮೆಂಟು. ಇನ್ನೊಂದು, 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅಗ್ರಿಮೆಂಟಿನಲ್ಲಿ ಬರೆದದ್ದಕ್ಕೆ ಸಾಮಾನ್ಯವಾಗಿ ಮೊದಲ ಬೆಲೆ. ಅದು ಸುಮ್ಮನಿರುವ ಕಡೆ 1882ರ ಕಾಯ್ದೆ ಮಾತಾಡುತ್ತದೆ. ಅಡ್ವಾನ್ಸ್ ಎಷ್ಟಿರಬೇಕು ಎಂದು ಈ ಹಳೇ ಕಾಯ್ದೆ ಎಲ್ಲೂ ಹೇಳಿಲ್ಲ. ಹಾಗಾಗಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವುದು ಕಾನೂನುಬಾಹಿರ ಅಲ್ಲ. ಆದರೆ ಮನೆ ಬಿಟ್ಟುಕೊಟ್ಟ ಮೇಲೆ, ಸರಿಯಾದ ಬಾಕಿ ಕಳೆದು, ಉಳಿದದ್ದನ್ನು ಕೊಡದೆ ಇಟ್ಟುಕೊಳ್ಳುವ ಹಕ್ಕು ಯಾವ ಓನರ್‌ಗೂ ಇಲ್ಲ. ಅದು ನಿಮ್ಮ ದುಡ್ಡು, ಭದ್ರತೆಗೆಂದು ಅವರ ಹತ್ತಿರ ಇಟ್ಟದ್ದು.

ಎಲ್ಲ ಅಗ್ರಿಮೆಂಟುಗಳೂ ಹನ್ನೊಂದು ತಿಂಗಳಿಗೇ ಯಾಕೆ ಎಂದು ಕೇಳುವವರಿದ್ದಾರೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ಬೇಡವೆಂದು ಹನ್ನೊಂದು ತಿಂಗಳು. ಇದರಿಂದ ಮುಂದೆ ಒಂದು ತೊಡಕು ಬರುತ್ತದೆ. ಹನ್ನೊಂದು ತಿಂಗಳು ಮುಗಿದರೂ ಜನ ಹೊಸ ಅಗ್ರಿಮೆಂಟ್ ಮಾಡಿಸದೆ ಬಾಡಿಗೆ ಕೊಟ್ಟುಕೊಂಡು ಅಲ್ಲೇ ಇರುತ್ತಾರೆ. ಓನರ್ ಬಾಡಿಗೆ ತೆಗೆದುಕೊಳ್ಳುತ್ತಿದ್ದರೆ ಅದು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆ ಎನಿಸಿಕೊಳ್ಳುತ್ತದೆ. ಬಿಡುವ ಹೊತ್ತಿಗೆ ಹಳೇ ಕಾಗದದ ಯಾವ ಷರತ್ತು ಇನ್ನೂ ನಡೆಯುತ್ತದೆ, ಯಾವುದು ಇಲ್ಲ ಎಂಬ ವಾದ ಶುರುವಾಗುತ್ತದೆ.

ಅಡ್ವಾನ್ಸ್ ಸಿಕ್ಕಿಹಾಕಿಕೊಳ್ಳುವುದು ಯಾಕೆ

ಬಹಳ ಜಗಳಗಳ ಮೂಲ ಇಲ್ಲಿದೆ. ನಾವು ಕೊಟ್ಟ ಅಡ್ವಾನ್ಸ್ ಬ್ಯಾಂಕಿನಲ್ಲಿ ಬೇರೆಯಾಗಿ ಕೂತಿರುವುದಿಲ್ಲ. ಮನೆ ಸಾಲದ ಕಂತಿಗೋ, ಮಗಳ ಮದುವೆಗೋ, ಮೇಲಿನ ಮಹಡಿ ಕಟ್ಟುವುದಕ್ಕೋ ಖರ್ಚಾಗಿರುತ್ತದೆ. ನೀವು ಬಿಡುತ್ತೇನೆ ಅಂದಾಗ ಓನರ್ ಕೈಯಲ್ಲಿ ಆ ದುಡ್ಡು ಇರುವುದಿಲ್ಲ. ಮುಂದಿನ ಬಾಡಿಗೆದಾರ ಬಂದು ಕೊಡುವ ಅಡ್ವಾನ್ಸಿನಲ್ಲೇ ನಿಮಗೆ ಕೊಡಬೇಕು. 'ಯಾರಾದರೂ ಬರಲಿ, ಕೊಡ್ತೀನಿ' ಅನ್ನುವ ಮಾತು ಹುಟ್ಟುವುದು ಇದರಿಂದ. ಮನೆ ಬೇಗ ಹೋಗದಿದ್ದರೆ ನಿಮ್ಮ ದುಡ್ಡೂ ಬೇಗ ಬರುವುದಿಲ್ಲ. ಇತ್ತ ನೀವು ಹೊಸ ಮನೆಗೆ ಅಡ್ವಾನ್ಸ್ ಕಟ್ಟಬೇಕು. ಹಳೇದು ಬಂದಿಲ್ಲ, ಹೊಸದು ಕೊಡಲೇಬೇಕು. ಸಂಬಳದವರು ಇದಕ್ಕಾಗಿ ಸಾಲ ಮಾಡುವುದೂ ಉಂಟು.

ಓನರ್‌ಗಳ ವಾದವನ್ನೂ ಸರಿಯಾಗಿ ಕೇಳಬೇಕು. ಬಾಡಿಗೆ ನಿಲ್ಲಿಸಿ, ಮನೆಯನ್ನೂ ಬಿಡದೆ ಕೂತವರನ್ನು ಎಬ್ಬಿಸಲು ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಹಿಡಿಯುತ್ತದೆ. ಅಷ್ಟು ದಿನದ ಬಾಡಿಗೆ, ಕರೆಂಟ್ ಬಿಲ್ಲು, ಹಾಳಾದ ಸಾಮಾನು ಎಲ್ಲಕ್ಕೂ ಇರುವ ಒಂದೇ ಧೈರ್ಯ ಅಡ್ವಾನ್ಸು. ಎರಡು ತಿಂಗಳ ಅಡ್ವಾನ್ಸ್ ಎರಡೇ ತಿಂಗಳಲ್ಲಿ ಕರಗುತ್ತದೆ ಎನ್ನುತ್ತಾರೆ. ಮಾತಿನಲ್ಲಿ ಹುರುಳಿದೆ. ನಿವೃತ್ತಿಯಾದ ಮೇಲೆ ಒಂದೇ ಮನೆಯ ಬಾಡಿಗೆ ನಂಬಿ ಬದುಕುವ ಹಿರಿಯರು ನಮ್ಮ ಬಡಾವಣೆಗಳಲ್ಲಿ ಎಷ್ಟೋ ಜನ ಇದ್ದಾರೆ.

ಬಾಡಿಗೆದಾರರ ಲೆಕ್ಕ ಬೇರೆ. ತಿಂಗಳಿಗೆ 25,000 ರೂಪಾಯಿ ಬಾಡಿಗೆ, ಹತ್ತು ತಿಂಗಳ ಅಡ್ವಾನ್ಸ್ ಅಂದರೆ 2,50,000. ಅದೇ ದುಡ್ಡು ಶೇ 6ರ ಬಡ್ಡಿಗೆ ಬ್ಯಾಂಕಿನಲ್ಲಿದ್ದರೆ ವರ್ಷಕ್ಕೆ 15,000 ರೂಪಾಯಿ ಬರುತ್ತಿತ್ತು. ಅಂದರೆ ಅರ್ಧ ತಿಂಗಳಿಗಿಂತ ಹೆಚ್ಚಿನ ಬಾಡಿಗೆಯನ್ನು ಪ್ರತಿ ವರ್ಷ ಬಡ್ಡಿ ರೂಪದಲ್ಲಿ ಬಿಟ್ಟುಕೊಟ್ಟಂತೆ. ಮೇಲಿಂದ ಬಿಡುವಾಗ ಇನ್ನಷ್ಟು ಕಡಿತ.

ಕೋರ್ಟು ನಿಧಾನ ಎಂಬ ಒಂದೇ ಕಾರಣ ಎರಡೂ ಕಡೆ ಕೆಲಸ ಮಾಡುತ್ತಿರುವುದನ್ನು ಗಮನಿಸಿ. ಕೋರ್ಟು ನಿಧಾನವಾದ್ದರಿಂದ ಓನರ್ ಜಾಸ್ತಿ ಅಡ್ವಾನ್ಸ್ ಕೇಳುತ್ತಾರೆ. ಕೋರ್ಟು ನಿಧಾನವಾದ್ದರಿಂದಲೇ, ಅನ್ಯಾಯದ ಕಡಿತ ಮಾಡಿದರೂ ಬಾಡಿಗೆದಾರ 40,000 ರೂಪಾಯಿಗಾಗಿ ವಕೀಲರನ್ನು ಹಿಡಿದು ಅಲೆಯುವುದಿಲ್ಲ ಎಂಬುದೂ ಅವರಿಗೆ ಗೊತ್ತಿರುತ್ತದೆ. ದುಡ್ಡು ಯಾರ ಕೈಯಲ್ಲಿದೆಯೋ ಅವರದೇ ಮೇಲುಗೈ.

ನೋಟಿಸ್ ಮತ್ತು ಲಾಕ್‌ಇನ್

ಮನೆ ಬಿಡುವ ಮೊದಲ ಹೆಜ್ಜೆ ನೋಟಿಸ್. ಅಗ್ರಿಮೆಂಟಿನಲ್ಲಿ ಒಂದು ತಿಂಗಳೋ ಎರಡು ತಿಂಗಳೋ ಎಂದು ಬರೆದಿರುತ್ತದೆ. ಏನೂ ಬರೆದಿಲ್ಲದಿದ್ದರೆ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ ತಿಂಗಳ ಬಾಡಿಗೆಗೆ 15 ದಿನದ ಲಿಖಿತ ನೋಟಿಸ್ ಸಾಕು. ಹಳೇ ಅಗ್ರಿಮೆಂಟ್ ಮುಗಿದು ವರ್ಷಗಳಾಗಿದ್ದರೂ ಅದರಲ್ಲಿ ಹೇಳಿದಷ್ಟು ದಿನದ ನೋಟಿಸ್ ಕೊಡುವುದೇ ಜಾಣತನ. ಕಡಿತಕ್ಕೆ ಒಂದು ನೆಪ ಕಮ್ಮಿಯಾಗುತ್ತದೆ.

ಮೆಟ್ಟಿಲಲ್ಲಿ ಸಿಕ್ಕಾಗ 'ಅಂಕಲ್, ಮುಂದಿನ ತಿಂಗಳು ಬಿಡ್ತೀವಿ' ಅಂದರೆ ಅದಕ್ಕೆ ದಾಖಲೆ ಇಲ್ಲ. ಬಾಯಲ್ಲಿ ಹೇಳಿ, ಅದೇ ದಿನ ಇಮೇಲ್ ಅಥವಾ ವಾಟ್ಸಾಪಿನಲ್ಲಿ ಬರೆದೂ ಕಳಿಸಿ. ಯಾವ ತಾರೀಖಿಗೆ ಖಾಲಿ ಮಾಡುತ್ತೀರಿ, ಅಡ್ವಾನ್ಸ್ ಎಷ್ಟು ಕೊಟ್ಟಿದ್ದೀರಿ, ಯಾವ ಖಾತೆಗೆ ವಾಪಸ್ ಬರಬೇಕು ಎಂಬ ಮೂರೂ ಅದರಲ್ಲಿರಲಿ. ಓನರ್ 'ಆಯ್ತು' ಎಂದು ಉತ್ತರಿಸಿದರೆ ಆ ಎರಡಕ್ಷರವೂ ನಿಮಗೆ ಸಾಕ್ಷಿ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ, ಬೇಕಾದ ಪ್ರಮಾಣಪತ್ರದ ಜೊತೆ ಕೊಟ್ಟರೆ, ಇಂಥ ಸಂದೇಶಗಳಿಗೂ ಬೆಲೆ ಇದೆ. ಚಾಟ್ ಅಳಿಸಬೇಡಿ. ಫೋನ್ ಬದಲಿಸುವ ಮುಂಚೆ ಬ್ಯಾಕಪ್ ಮಾಡಿಕೊಳ್ಳಿ.

ಲಾಕ್‌ಇನ್ ಇನ್ನೊಂದು ತಲೆನೋವು. ಆರು ತಿಂಗಳೋ ಹನ್ನೊಂದು ತಿಂಗಳೋ ಬಿಡುವಂತಿಲ್ಲ, ಬಿಟ್ಟರೆ ಉಳಿದ ಅವಧಿಯ ಬಾಡಿಗೆ ಕೊಡಬೇಕು ಎಂದಿರುತ್ತದೆ. ಅಷ್ಟನ್ನೂ ಹಿಡಿದುಕೊಳ್ಳಬಹುದಾ? ಕರಾರು ಕಾಯ್ದೆಯ 74ನೇ ಸೆಕ್ಷನ್, ಬರೆದಿಟ್ಟ ದಂಡದ ಮೊತ್ತವನ್ನು ಗರಿಷ್ಠ ಮಿತಿ ಎಂದು ಮಾತ್ರ ನೋಡುತ್ತದೆ. ಅದರೊಳಗೆ ಸಿಗುವುದು ನ್ಯಾಯವಾದ ಪರಿಹಾರ. ನೀವು ಬಿಟ್ಟ ಹತ್ತೇ ದಿನಕ್ಕೆ ಅದೇ ಬಾಡಿಗೆಗೆ ಬೇರೆಯವರು ಬಂದಿದ್ದರೆ ಓನರ್‌ಗೆ ಆದ ನಷ್ಟ ಹತ್ತು ದಿನದ್ದು ಎಂದು ವಾದಿಸಲು ಜಾಗ ಇದೆ. ಆದ್ದರಿಂದ ಬೇಗ ಬಿಡಲೇಬೇಕಾದರೆ ಮುಂದಿನ ಬಾಡಿಗೆದಾರರನ್ನು ನೀವೇ ಹುಡುಕಿಕೊಡುವುದು ಲಾಭ. ಮನೆ ತೋರಿಸಲು ಸಹಕರಿಸಿ. ಯಾರ್ಯಾರು ಬಂದು ನೋಡಿದರು ಎಂಬುದನ್ನೂ ಬರೆದಿಟ್ಟುಕೊಳ್ಳಿ.

ಪೇಂಟಿಂಗ್ ಹೆಸರಿನ ಒಂದು ತಿಂಗಳ ಬಾಡಿಗೆ

ಬೆಂಗಳೂರಿನಲ್ಲಿ ಅತಿ ಹೆಚ್ಚು ಮನಸ್ತಾಪ ಇದರದ್ದೇ. ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್‌ಗೆಂದು ಹಿಡಿಯುವುದು ಪದ್ಧತಿಯೇ ಆಗಿಹೋಗಿದೆ. ಪೇಂಟ್ ಹೊಡೆಸಿದರೋ ಇಲ್ಲವೋ ಕೇಳುವವರಿಲ್ಲ. ಹನ್ನೊಂದು ತಿಂಗಳಿದ್ದವರಿಗೂ ಅಷ್ಟೇ, ಐದು ವರ್ಷ ಇದ್ದವರಿಗೂ ಅಷ್ಟೇ.

ಕಾನೂನು ಏನನ್ನುತ್ತದೆ? 1882ರ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಮನೆ ಹಿಡಿದಾಗ ಹೇಗಿತ್ತೋ ಹಾಗೇ ವಾಪಸ್ ಕೊಡುವುದು ಬಾಡಿಗೆದಾರನ ಹೊಣೆ. ಆದರೆ ಅದೇ ಮಾತಿನಲ್ಲಿ ವಿನಾಯಿತಿ ಇದೆ: ದಿನಬಳಕೆಯಿಂದ ಸಹಜವಾಗಿ ಆಗುವ ಸವೆತ, ಯಾರ ಕೈಯಲ್ಲೂ ತಡೆಯಲಾಗದ ಅನಾಹುತ, ಇವೆರಡೂ ಬಾಡಿಗೆದಾರನ ತಲೆಗೆ ಬರುವುದಿಲ್ಲ. ಇಡೀ ವಿವಾದ ನಿಂತಿರುವುದು ಸವೆತ ಯಾವುದು, ಹಾನಿ ಯಾವುದು ಎಂಬುದರ ಮೇಲೆ.

ಮನೆಯ ಹಾಲ್‌ನ ಗೋಡೆಯನ್ನೇ ನೋಡಿ. ಸೋಫಾ ಒರಗಿದ್ದ ಕಡೆ ಮಂಕಾದ ಗೆರೆ, ಬಿಸಿಲು ಬೀಳುವ ಕಡೆ ಬಣ್ಣ ಪೇಲವ, ಸ್ವಿಚ್ ಬೋರ್ಡಿನ ಸುತ್ತ ಕೈ ಮುಟ್ಟಿದ ಮಾಸಲು. ಇದು ಸವೆತ. ಜನ ಬಾಳಿದ ಮನೆಯಲ್ಲಿ ಇದು ಆಗಲೇಬೇಕು. ಅದೇ ಗೋಡೆಗೆ ಟಿವಿ ನೇತುಹಾಕಲು ಕೊರೆದ ದಪ್ಪ ತೂತುಗಳು, ಮಗು ಕ್ರೇಯಾನಿನಲ್ಲಿ ಬರೆದ ಚಿತ್ರ, ಅಂಟಿಸಿದ ವಾಲ್‌ಪೇಪರ್ ಕೀಳುವಾಗ ಎದ್ದುಬಂದ ಪುಟ್ಟಿ: ಇದು ಹಾನಿ. ಇದರ ಖರ್ಚು ನಿಮ್ಮದು. ಅಡುಗೆಮನೆ ಟೈಲ್ಸಿನ ಮೇಲೆ ಗಟ್ಟಿಯಾದ ಎಣ್ಣೆ ಜಿಡ್ಡು ತೊಳೆಯದೆ ಬಿಟ್ಟರೆ ಕ್ಲೀನಿಂಗ್ ಖರ್ಚು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಮೇಲಿನ ಮನೆಯ ಬಾತ್‌ರೂಮಿನಿಂದ ನೀರು ಜಿನುಗಿ ಉಬ್ಬಿದ ಗೋಡೆಗೆ ನಿಮ್ಮಿಂದ ದುಡ್ಡು ಹಿಡಿದರೆ ಅದು ಸರಿಯಲ್ಲ. ಅಂಥ ಸೋರಿಕೆ ಕಂಡ ದಿನವೇ ಫೋಟೊ ತೆಗೆದು ಓನರ್‌ಗೆ ಕಳಿಸಿರಬೇಕು. ಕಳಿಸದೆ ಸುಮ್ನೆ ಇದ್ದರೆ, 'ಮೊದಲೇ ಹೇಳಿದ್ದರೆ ಇಷ್ಟಾಗುತ್ತಿರಲಿಲ್ಲ' ಎಂಬ ಮಾತು ಕೇಳಬೇಕಾಗುತ್ತದೆ.

ಮಾದರಿ ಕಾಯ್ದೆ ನಮ್ಮಲ್ಲಿ ಜಾರಿಯಲ್ಲಿ ಇಲ್ಲದಿದ್ದರೂ ಅದರ ಒಂದು ಅನುಸೂಚಿ ಮಾತುಕತೆಗೆ ಅನುಕೂಲ. ಕಟ್ಟಡದ ರಿಪೇರಿ, ಗೋಡೆಗೆ ಸುಣ್ಣಬಣ್ಣ, ಬಾಗಿಲು–ಕಿಟಕಿಗಳಿಗೆ ಪೇಂಟ್, ನೀರಿನ ಪೈಪು, ವೈರಿಂಗ್ ಇವನ್ನು ಅದು ಓನರ್ ಪಾಲಿಗೆ ಹಾಕುತ್ತದೆ. ನಲ್ಲಿಯ ವಾಷರ್, ಸ್ವಿಚ್ಚು–ಸಾಕೆಟ್ಟು, ಗೀಸರ್ ರಿಪೇರಿ, ಬೀಗ, ಕಿಟಕಿ ಗಾಜು, ಸೊಳ್ಳೆ ಜಾಲರಿ ಇತ್ಯಾದಿ ಬಾಡಿಗೆದಾರರ ಪಾಲು. ಒಳ್ಳೆಯ ಹಂಚಿಕೆ ಇದು. ಕೋರ್ಟಿನಲ್ಲಿ ಇದನ್ನೇ ಕಾನೂನು ಎಂದು ತೋರಿಸಲಾಗದು. ಆದರೆ ಓನರ್ ಮುಂದೆ ಕೂತು ಮಾತಾಡುವಾಗ 'ಕೇಂದ್ರ ಸರ್ಕಾರವೇ ನ್ಯಾಯ ಎಂದು ಒಪ್ಪಿರುವ ಲೆಕ್ಕ ಇದು' ಎನ್ನಬಹುದು.

ಇಲ್ಲೊಂದು ಎಚ್ಚರಿಕೆ. 'ಬಿಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ' ಎಂದು ಅಗ್ರಿಮೆಂಟಿನಲ್ಲೇ ಬರೆದು ನೀವು ಸಹಿ ಹಾಕಿದ್ದರೆ ನಿಮ್ಮ ಕೈ ಕಟ್ಟಿದಂತೆ. ಆಗ ಉಳಿಯುವುದು ಚೌಕಾಸಿ. ಪೇಂಟರ್ ಹತ್ತಿರ ಒಂದು ಕೊಟೇಶನ್ ತರಿಸಿ. ಎರಡು ಬೆಡ್‌ರೂಮ್ ಮನೆಗೆ ಒಂದು ಕೋಟ್ ಹೊಡೆಸಲು ಬೀಳುವ ನಿಜವಾದ ಖರ್ಚಿಗೂ ಒಂದು ತಿಂಗಳ ಬಾಡಿಗೆಗೂ ಅಂತರ ಇದ್ದೇ ಇರುತ್ತದೆ. ಹೊಸ ಮನೆಯ ಅಗ್ರಿಮೆಂಟಿಗೆ ಸಹಿ ಹಾಕುವಾಗ ಈ ಸಾಲನ್ನು 'ಬಿಲ್ಲು ತೋರಿಸಿ, ನಿಜವಾದ ಖರ್ಚು ಮಾತ್ರ' ಎಂದು ತಿದ್ದಿಸಿಕೊಳ್ಳಿ. ಹೊಸ ಬಾಡಿಗೆದಾರ ಬೇಕೆಂದು ಕಾಯುತ್ತಿರುವಾಗ ಓನರ್‌ಗಳು ಇಂಥ ತಿದ್ದುಪಡಿಗೆ ಒಪ್ಪುವ ಸಾಧ್ಯತೆ ಜಾಸ್ತಿ.

'ಕೊನೇ ಬಾಡಿಗೆ ಅಡ್ವಾನ್ಸಲ್ಲಿ ಹಿಡ್ಕೊಳ್ಳಿ'

ಬಹಳ ಜನ ಮಾಡುವ ಉಪಾಯ ಇದು. ಕೊನೆಯ ಎರಡು ತಿಂಗಳು ಬಾಡಿಗೆ ಕೊಡದೆ ಅಡ್ವಾನ್ಸಿನಲ್ಲಿ ಕಳೆದುಕೊಳ್ಳಲು ಹೇಳುವುದು. ಅಗ್ರಿಮೆಂಟು ಇದಕ್ಕೆ ಅವಕಾಶ ಕೊಡದಿದ್ದರೆ, ಓನರ್ ಒಪ್ಪದೆ ನೀವಾಗಿಯೇ ಹೀಗೆ ಮಾಡಿದರೆ ತಪ್ಪು ನಿಮ್ಮದಾಗುತ್ತದೆ. ಬಾಡಿಗೆ ಬಾಕಿ ಎಂಬ ದಾಖಲೆ ಹುಟ್ಟುತ್ತದೆ.

ಆದರೆ ಕೇಳುವುದರಲ್ಲಿ ತಪ್ಪಿಲ್ಲ. ಕೇಳುವುದಕ್ಕೆ ಗಟ್ಟಿ ಕಾರಣವೂ ಇದೆ. ಆರು ತಿಂಗಳ ಅಡ್ವಾನ್ಸಿನಲ್ಲಿ ಎರಡು ತಿಂಗಳು ಕಳೆದರೂ ನಾಲ್ಕು ತಿಂಗಳದ್ದು ಓನರ್ ಕೈಯಲ್ಲೇ ಇರುತ್ತದೆ. ಹಾನಿ ಏನಿದ್ದರೂ ಅದರಲ್ಲಿ ತೀರುತ್ತದೆ. ಕೊನೆಗೆ ಒಟ್ಟಿಗೆ ಹೊಂದಿಸಬೇಕಾದ ಮೊತ್ತ ಕಮ್ಮಿಯಾಗುವುದರಿಂದ ಅವರಿಗೂ ಅನುಕೂಲ. ಹೀಗೆ ವಿವರಿಸಿ ಹೇಳಿದರೆ ಒಪ್ಪುವವರಿದ್ದಾರೆ. ಒಪ್ಪಿದರೆ ಬರಹದಲ್ಲಿ ತೆಗೆದುಕೊಳ್ಳಿ.

ಕೆಲವರು ಇನ್ನೊಂದು ದಾರಿ ಹಿಡಿಯುತ್ತಾರೆ: ದುಡ್ಡು ಕೊಡುವ ತನಕ ಕೀ ಕೊಡುವುದಿಲ್ಲ ಎನ್ನುವುದು. ಇದರಲ್ಲಿ ಅಪಾಯ ಇದೆ. ಕೀ ನಿಮ್ಮ ಹತ್ತಿರ ಇರುವಷ್ಟು ದಿನ ಮನೆ ನಿಮ್ಮ ವಶದಲ್ಲಿದೆ ಎಂದೇ ಲೆಕ್ಕ. ಬಾಡಿಗೆ ಓಡುತ್ತಲೇ ಇರುತ್ತದೆ. ಅಗ್ರಿಮೆಂಟಿನಲ್ಲಿ ಅವಧಿ ಮೀರಿದರೆ ದುಪ್ಪಟ್ಟು ಬಾಡಿಗೆ ಎಂದಿದ್ದರೆ ಇನ್ನೂ ಕಷ್ಟ. ಕೀ ಕೊಡುವುದು, ದುಡ್ಡು ಪಡೆಯುವುದು ಎರಡೂ ಒಂದೇ ದಿನ, ಒಂದೇ ಕಡೆ ಕೂತು ಆಗಲಿ ಎಂದು ಮುಂಚೆಯೇ ಗೊತ್ತು ಮಾಡಿಕೊಳ್ಳುವುದು ಇದಕ್ಕಿಂತ ಒಳ್ಳೆಯದು.

ಕೀ ಕೊಡುವ ದಿನ

ಸಾಮಾನೆಲ್ಲ ಲಾರಿಗೆ ಏರಿದ ಮೇಲೆ, ಮನೆ ಗುಡಿಸಿ, ಹಗಲು ಬೆಳಕಿನಲ್ಲಿ ಒಂದು ವಿಡಿಯೊ ಮಾಡಿ. ಬಾಗಿಲಿಂದ ಶುರು ಮಾಡಿ ಪ್ರತಿ ಕೋಣೆ, ಪ್ರತಿ ಗೋಡೆ. ಫ್ಯಾನ್ ಹಾಕಿ ತೋರಿಸಿ, ಗೀಸರ್ ಹಾಕಿ ಬಿಸಿನೀರು ಬರುವುದನ್ನು ತೋರಿಸಿ, ನಲ್ಲಿಗಳನ್ನು ತಿರುಗಿಸಿ. ವಾರ್ಡ್‌ರೋಬಿನ ಬಾಗಿಲುಗಳನ್ನು ತೆಗೆದು ಹಾಕಿ. ಬೆಸ್ಕಾಂ ಮೀಟರಿನ ಅಂಕೆ ಓದುವಂತೆ ಹತ್ತಿರದಿಂದ ಫೋಟೊ ತೆಗೆಯಿರಿ. ಮನೆ ಹಿಡಿದ ದಿನವೂ ಇಂಥದೇ ವಿಡಿಯೊ ಮಾಡಿದ್ದರೆ ನಿಮ್ಮ ಸಾಕ್ಷ್ಯ ಪೂರ್ತಿಯಾಗುತ್ತದೆ. ಮೊದಲು ಹೇಗಿತ್ತು ಎಂಬುದಕ್ಕೆ ದಾಖಲೆ ಇಲ್ಲದಿದ್ದರೆ, ಹಾಳು ಮಾಡಿದ್ದು ನೀವೇ ಎಂಬ ಮಾತನ್ನು ಅಲ್ಲಗಳೆಯುವುದು ಕಷ್ಟ.

ಆಮೇಲೆ ಓನರ್ ಜೊತೆ ಮನೆಯೆಲ್ಲ ಓಡಾಡಿ. ಅವರು ಏನೇನು ಹಾಳಾಗಿದೆ ಎನ್ನುತ್ತಾರೋ ಆಗಲೇ ಬರೆದುಕೊಳ್ಳಿ. ಎಷ್ಟು ಕೀ ಕೊಟ್ಟಿರಿ, ಮೀಟರ್ ಅಂಕೆ ಎಷ್ಟು, ಒಟ್ಟು ಅಡ್ವಾನ್ಸ್ ಎಷ್ಟು, ಯಾವ ಬಾಬ್ತಿಗೆ ಎಷ್ಟು ಕಡಿತ, ಉಳಿದದ್ದು ಎಷ್ಟು, ಯಾವ ತಾರೀಖಿಗೆ ಕೊಡುತ್ತಾರೆ: ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಸಹಿ ಹಾಕಲು ಅವರು ಹಿಂಜರಿದರೆ ಅದೇ ಹಾಳೆಯ ಫೋಟೊವನ್ನು ಅಲ್ಲೇ ನಿಂತು ವಾಟ್ಸಾಪ್ ಮಾಡಿ. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಸಂಘದ ಅನುಮತಿ ಪತ್ರ ಇಲ್ಲದೆ ಸಾಮಾನಿನ ಗಾಡಿಯನ್ನು ಗೇಟು ದಾಟಲು ಬಿಡುವುದಿಲ್ಲ. ಮೇಂಟೆನೆನ್ಸ್ ಬಾಕಿ ಇದ್ದರೆ ವಾರ ಮೊದಲೇ ತೀರಿಸಿ ಪತ್ರ ತೆಗೆದುಕೊಳ್ಳಿ.

ಅಡ್ವಾನ್ಸನ್ನು ನಗದಾಗಿ ಕೊಟ್ಟವರಿಗೆ ಒಂದು ಮಾತು. ಅಗ್ರಿಮೆಂಟಿನಲ್ಲಿ ಪೂರ್ತಿ ಮೊತ್ತ ನಮೂದಾಗಿದೆಯೇ ನೋಡಿ. ಇಲ್ಲದಿದ್ದರೆ ಬಿಡುವ ನೋಟಿಸ್ ಕಳಿಸುವಾಗಲೇ ಮೊತ್ತವನ್ನು ಬರೆದು ಓನರ್ ಒಪ್ಪಿಗೆಯನ್ನು ಚಾಟಿನಲ್ಲಿ ಪಡೆಯಿರಿ. ಸಂಬಂಧ ಚೆನ್ನಾಗಿರುವಾಗ ಇದು ಸುಲಭ.

ಗೃಹಜ್ಯೋತಿ, ಟಿಡಿಎಸ್

2023ರ ಆಗಸ್ಟ್‌ನಿಂದ ಜಾರಿಯಲ್ಲಿರುವ ಗೃಹಜ್ಯೋತಿ ಯೋಜನೆಗೆ ಬಾಡಿಗೆದಾರರೂ ಆಧಾರ್ ಜೋಡಿಸಿದ್ದಾರೆ. ಮನೆ ಬಿಟ್ಟ ಮೇಲೂ ಆ ಮೀಟರಿಗೆ ನಿಮ್ಮ ಆಧಾರ್ ಅಂಟಿಕೊಂಡಿದ್ದರೆ ಹೊಸ ಮನೆಯಲ್ಲಿ ನಿಮಗೆ ಉಚಿತ ವಿದ್ಯುತ್ ಸಿಗುವುದಿಲ್ಲ, ಹಳೇ ಮನೆಗೆ ಬಂದವರಿಗೂ ತೊಂದರೆ. ಸೇವಾಸಿಂಧು ಪೋರ್ಟಲಿನಲ್ಲಿ ಹಳೇ ಜೋಡಣೆ ತೆಗೆಯುವ ವ್ಯವಸ್ಥೆ ಇದೆ. ಅದನ್ನು ಮಾಡಿ, ಹೊಸ ಮೀಟರಿಗೆ ಅರ್ಜಿ ಹಾಕಿ.

ತಿಂಗಳ ಬಾಡಿಗೆ 50,000 ರೂಪಾಯಿ ದಾಟಿದವರು ಟಿಡಿಎಸ್, ಅಂದರೆ ಓನರ್ ಲೆಕ್ಕಕ್ಕೆ ಸೇರುವ ಆದಾಯ ತೆರಿಗೆಯನ್ನು ಬಾಡಿಗೆಯಲ್ಲೇ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. 2024ರ ಅಕ್ಟೋಬರ್‌ನಿಂದ ದರ ಶೇ 2. ವರ್ಷದ ಮಧ್ಯೆ ಮನೆ ಬಿಟ್ಟರೆ ಕೊನೆಯ ತಿಂಗಳ ಬಾಡಿಗೆಯಲ್ಲೇ ಹಿಡಿಯಬೇಕು ಎಂಬುದನ್ನು ಬಹಳ ಜನ ಮರೆಯುತ್ತಾರೆ. ವಿವರ ಸಲ್ಲಿಸುವುದು ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಕೊನೇ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಕಳೆದುಕೊಂಡವರು ಇದನ್ನು ಇನ್ನೂ ಜೋಪಾನವಾಗಿ ನೋಡಬೇಕು, ಯಾಕೆಂದರೆ ಕೈಯಿಂದ ದುಡ್ಡು ಹೋಗದಿದ್ದರೂ ಬಾಡಿಗೆ ಕೊಟ್ಟಂತೆಯೇ ಲೆಕ್ಕ. ಓನರ್ ಅಮೆರಿಕದಲ್ಲೋ ದುಬೈನಲ್ಲೋ ನೆಲೆಸಿದ ಅನಿವಾಸಿಯಾಗಿದ್ದರೆ 50,000ದ ಮಿತಿಯೇ ಇಲ್ಲ, ದರವೂ ಬಹಳ ಜಾಸ್ತಿ. ಲೆಕ್ಕಪರಿಶೋಧಕರನ್ನು ಕೇಳಿ ಮಾಡಿ.

ಭೋಗ್ಯದ ಮನೆಯಾದರೆ

ಬೆಂಗಳೂರಿನಲ್ಲಿ ಲೀಸು ಅಥವಾ ಭೋಗ್ಯ ಎಂದು ಕರೆಯುವ ಪದ್ಧತಿಯಲ್ಲಿ ತಿಂಗಳ ಬಾಡಿಗೆ ಇಲ್ಲ. ಹತ್ತು–ಹದಿನೈದು ಲಕ್ಷ ಒಟ್ಟಿಗೆ ಕೊಟ್ಟು ಎರಡು–ಮೂರು ವರ್ಷ ಇದ್ದು, ಬಿಡುವಾಗ ಪೂರ್ತಿ ವಾಪಸ್ ಪಡೆಯುವುದು. ಇಲ್ಲಿ ಮೇಲೆ ಹೇಳಿದ ತೊಂದರೆ ಹತ್ತುಪಟ್ಟು. ಓನರ್ ಆ ದುಡ್ಡನ್ನು ಖರ್ಚು ಮಾಡಿರುತ್ತಾರೆ, ಮನೆಯ ಮೇಲೆ ಬ್ಯಾಂಕ್ ಸಾಲವೂ ಇರಬಹುದು. ಸಾಲ ಕಟ್ಟದೆ ಬ್ಯಾಂಕ್ ಮನೆಯನ್ನು ಹರಾಜಿಗೆ ಇಟ್ಟರೆ ಭೋಗ್ಯದವರು ಬೀದಿಗೆ ಬರುತ್ತಾರೆ. ಇಂಥ ಕರಾರು ನೋಂದಣಿಯಾಗಿದ್ದರೆ ನಿಮ್ಮ ಹಕ್ಕು ಋಣಭಾರ ಪತ್ರದಲ್ಲಿ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ 'ಇಸಿ'ಯಲ್ಲಿ ಕಾಣುತ್ತದೆ. ಬರೀ ಛಾಪಾ ಕಾಗದದ ಮೇಲೆ ಇದ್ದರೆ ಕಾಣುವುದಿಲ್ಲ. ಭೋಗ್ಯದ ಮನೆ ಬಿಡುವವರು ಕನಿಷ್ಠ ಮೂರು ತಿಂಗಳ ಮೊದಲೇ ಬರಹದಲ್ಲಿ ತಿಳಿಸಬೇಕು. ಪೂರ್ತಿ ಹಣ ಖಾತೆಗೆ ಬೀಳದೆಯೇ ಮನೆಯ ವಶ ಬಿಡಬೇಕಾಗಿ ಬಂದರೆ, ಬಿಡುವ ಮೊದಲು ವಕೀಲರನ್ನು ಕಾಣಲೇಬೇಕು. ಇಲ್ಲಿ ಸಾಮಾನ್ಯ ಬಾಡಿಗೆಯ ಲೆಕ್ಕಾಚಾರ ನಡೆಯುವುದಿಲ್ಲ.

ಅಷ್ಟಾದರೂ ದುಡ್ಡು ಬಾರದಿದ್ದರೆ

ಹೇಳಿದ ತಾರೀಖು ದಾಟಿದ ಮೇಲೆ ಒಂದು ನೆನಪಿನ ಸಂದೇಶ, ಅದಕ್ಕೂ ಉತ್ತರ ಬಾರದಿದ್ದರೆ ವಕೀಲರ ನೋಟಿಸು. ಎಷ್ಟೋ ಪ್ರಕರಣ ನೋಟಿಸಿನಲ್ಲೇ ಮುಗಿಯುತ್ತವೆ, ಯಾಕೆಂದರೆ ಈ ಬಾಡಿಗೆದಾರ ಸುಮ್ಮನಾಗುವವನಲ್ಲ ಎಂಬುದು ಓನರ್‌ಗೆ ಆಗ ಮನವರಿಕೆಯಾಗುತ್ತದೆ. ಪೊಲೀಸ್ ಠಾಣೆಗೆ ಹೋದರೆ ಸಾಮಾನ್ಯವಾಗಿ 'ಇದು ಸಿವಿಲ್ ವ್ಯಾಜ್ಯ' ಎಂದು ವಾಪಸ್ ಕಳಿಸುತ್ತಾರೆ.

ಸೀದಾ ದಾವೆ ಹಾಕುವ ಮುಂಚೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಟು ನೋಡಿ. ಕೇಸು ದಾಖಲಾಗುವ ಮೊದಲೇ ಲೋಕ ಅದಾಲತ್‌ನಲ್ಲಿ ಇಬ್ಬರನ್ನೂ ಕೂರಿಸಿ ಮಾತಾಡಿಸುವ ವ್ಯವಸ್ಥೆ ಅಲ್ಲಿದೆ. ಶುಲ್ಕ ಇಲ್ಲ. ಅಲ್ಲಿ ರಾಜಿಯಾದರೆ ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ. ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ. ರಾಜಿ ಆಗದಿದ್ದರೆ ಸಿವಿಲ್ ಕೋರ್ಟು. ಹಣ ವಸೂಲಿಯ ದಾವೆಗೆ ಕಾಲಮಿತಿ ಮೂರು ವರ್ಷ. 'ಮುಂದಿನ ತಿಂಗಳು ಕೊಡ್ತೀನಿ' ಎಂಬ ಮಾತನ್ನು ನಂಬಿಕೊಂಡೇ ಈ ಮಿತಿ ದಾಟಿಬಿಡಬೇಡಿ.

ಎರಡು ತಿಂಗಳ ಮಿತಿ ಬಂದರೆ ಏನಾಗಬಹುದು

ಕರ್ನಾಟಕವೂ ಮಾದರಿ ಕಾಯ್ದೆಯನ್ನು ತರಲಿ ಎಂಬ ಒತ್ತಾಯ ಇದೆ. ತಂದರೆ ಮೊದಲ ಲಾಭ, ಊರಿಗೆ ಹೊಸದಾಗಿ ಬರುವವರಿಗೆ. 25,000 ಬಾಡಿಗೆಯ ಮನೆಗೆ ಎರಡೂವರೆ ಲಕ್ಷದ ಬದಲು 50,000 ಹೊಂದಿಸಿದರೆ ಸಾಕು. ಬಿಡುವಾಗಲೂ ಸಿಕ್ಕಿಹಾಕಿಕೊಳ್ಳುವ ಮೊತ್ತ ಕಮ್ಮಿ, ಓನರ್ ಹೊಂದಿಸಬೇಕಾದದ್ದೂ ಕಮ್ಮಿ.

ಆದರೆ ಮಿತಿ ಮಾತ್ರ ತಂದು, ವ್ಯಾಜ್ಯ ಬೇಗ ಮುಗಿಸುವ ವ್ಯವಸ್ಥೆ ತರದಿದ್ದರೆ ಓನರ್‌ಗಳ ಭಯ ಹಾಗೇ ಉಳಿಯುತ್ತದೆ. ಆ ಭಯ ಬೇರೆ ರೂಪದಲ್ಲಿ ಹೊರಬರುತ್ತದೆ. ಬಾಡಿಗೆ ಏರಬಹುದು, ಲಾಕ್‌ಇನ್ ಉದ್ದವಾಗಬಹುದು, ಅಗ್ರಿಮೆಂಟಿನಲ್ಲಿ ಎರಡು ತಿಂಗಳು ಬರೆದು ಉಳಿದದ್ದನ್ನು ನಗದಾಗಿ ಕೇಳಬಹುದು. ನಗದಾಗಿ ಕೊಟ್ಟದ್ದಕ್ಕೆ ಬಿಡುವಾಗ ಸಾಕ್ಷಿಯೇ ಇರುವುದಿಲ್ಲ. ಈಗಾಗಲೇ ಜಾತಿ, ಊಟ, ಮದುವೆ ಆಗಿದೆಯೋ ಇಲ್ಲವೋ ಎಂದೆಲ್ಲ ಕೇಳಿ ಮನೆ ಕೊಡುವವರು ಇನ್ನಷ್ಟು ಆರಿಸಿ ತೂಗಬಹುದು. ಕೊನೇ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಕಳೆದುಕೊಳ್ಳುವ ಈಗಿನ ಅನುಕೂಲವೂ ಹೋಗುತ್ತದೆ. ಎರಡೇ ತಿಂಗಳ ಠೇವಣಿಯಲ್ಲಿ ಎರಡು ತಿಂಗಳು ಕಳೆದರೆ ಓನರ್ ಕೈಯಲ್ಲಿ ಉಳಿಯುವುದು ಸೊನ್ನೆ.

ಮಾದರಿ ಕಾಯ್ದೆಯಲ್ಲಿ ಇದಕ್ಕೂ ಉತ್ತರ ಇದೆ. ಬಾಡಿಗೆ ಪ್ರಾಧಿಕಾರ, ಬಾಡಿಗೆ ನ್ಯಾಯಾಲಯ, ಮೇಲ್ಮನವಿಗೆ ನ್ಯಾಯಮಂಡಳಿ, ತೀರ್ಪಿಗೆ ದಿನಗಳ ಗಡುವು. ಅವಧಿ ಮುಗಿದರೂ ಮನೆ ಬಿಡದಿದ್ದರೆ ಮೊದಲ ಎರಡು ತಿಂಗಳು ದುಪ್ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ಎಂಬ ಕಟ್ಟುಪಾಡೂ ಇದೆ. ಅಂದರೆ ಕಮ್ಮಿ ಅಡ್ವಾನ್ಸ್ ಮತ್ತು ಬೇಗ ತೀರ್ಪು ಎರಡೂ ಒಂದಕ್ಕೊಂದು ಆಧಾರ. ಫಾರ್ವರ್ಡ್ ಸಂದೇಶಗಳು ಮೊದಲನೆಯದನ್ನು ಮಾತ್ರ ಹೇಳಿದವು. ಇಂಗ್ಲೆಂಡು, ವೇಲ್ಸ್‌ನಲ್ಲಿ 2007ರಿಂದ ಇನ್ನೊಂದು ದಾರಿ ಇದೆ. ಸಾಮಾನ್ಯ ಖಾಸಗಿ ಬಾಡಿಗೆ ಮನೆಗಳ ಠೇವಣಿಯನ್ನು ಓನರ್ ಸರ್ಕಾರ ಒಪ್ಪಿದ ಸಂರಕ್ಷಣಾ ಯೋಜನೆಯೊಂದಕ್ಕೆ ಸೇರಿಸಲೇಬೇಕು, ಕಡಿತದ ಜಗಳ ಬಂದರೆ, ಇಬ್ಬರೂ ಒಪ್ಪಿದಲ್ಲಿ, ಆ ಯೋಜನೆಯವರೇ ಸಾಕ್ಷ್ಯ ನೋಡಿ ತೀರ್ಮಾನ ಹೇಳುತ್ತಾರೆ. ದುಡ್ಡು ಓನರ್ ಖರ್ಚಿಗೆ ಹೋಗಿಬಿಟ್ಟು ಮುಂದಿನ ಬಾಡಿಗೆದಾರನಿಗಾಗಿ ಕಾಯುವ ನಮ್ಮ ಸಮಸ್ಯೆಯ ಬುಡಕ್ಕೇ ಕೈ ಹಾಕುವುದು ಇಂಥ ವ್ಯವಸ್ಥೆ. ಕರ್ನಾಟಕ ಹೊಸ ಕಾನೂನು ಬರೆಯಲು ಕೂತ ದಿನ, ಮಿತಿ ಎರಡು ತಿಂಗಳೋ ಮೂರೋ ಎಂಬುದರಷ್ಟೇ ಗಂಭೀರವಾಗಿ ಈ ಠೇವಣಿ ಯಾರ ಹತ್ತಿರ ಇರಬೇಕು ಎಂಬುದನ್ನೂ ಚರ್ಚಿಸಬೇಕು.